ಲೋನ್ಸಮ್ ವಾಸುವಿನ ಮೂರನೆಯ ನುಡಿ

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಕೌಬಾಯ್ ಟೋಪಿ ಇದೆ. ಅದರಲ್ಲಿ ಬೆಳ್ಳುಳ್ಳಿ ಇಡುತ್ತೇವೆ. ಊರಿನಿಂದ ಬಂದವರು ಮೊದಲು ಟೋಪಿಯನ್ನು ನೋಡುತ್ತಾರೆ, ಆಮೇಲೆ ನನ್ನ ಗಂಡ ಹರೀಶನನ್ನು ನೋಡುತ್ತಾರೆ, ಆಮೇಲೆ ಸಂಕೋಚದಿಂದ "ಇವರದ್ದಾ?" ಎನ್ನುತ್ತಾರೆ. ಹರೀಶ ಕುದುರೆ ಹತ್ತುವುದಿರಲಿ, ಎಸ್ಕಲೇಟರ್ ಹತ್ತುವಾಗಲೂ ಪಕ್ಕದ ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುವ ಮನುಷ್ಯ. ಟೋಪಿ ಅವನದ್ದಲ್ಲ. ಬೆಳ್ಳುಳ್ಳಿಗೆ ಮಾತ್ರ ಅದು ಹೇಳಿ ಮಾಡಿಸಿದ ಹಾಗಿದೆ, ಗಾಳಿಯಾಡುತ್ತದೆ, ಮೊಳಕೆ ಬರುವುದಿಲ್ಲ.

ನಿನ್ನೆ ಸಾರಿನ ಒಗ್ಗರಣೆಗೆಂದು ಅದರೊಳಗೆ ಕೈ ಹಾಕಿದೆ. ಹಾಗೇ ಒಂದು ಹಳೆಯ ಟ್ಯೂನು ಬಾಯಿಗೆ ಬಂತು. ಗುನುಗುತ್ತಾ ನಿಂತವಳಿಗೆ ಒಗ್ಗರಣೆ ಸೀದದ್ದು ಹೊಗೆಯ ಅಲಾರಂ ಕೂಗಿದಾಗಲೇ ಗೊತ್ತಾದದ್ದು. ಸಾರಂತೂ ಕೆಟ್ಟಿತು. ಕಥೆಯನ್ನಾದರೂ ನಿಮಗೆ ಹೇಳಿಬಿಡುತ್ತೇನೆ, ಸೀದ ಒಗ್ಗರಣೆಗೆ ಅಷ್ಟಾದರೂ ಸಾರ್ಥಕವಾಗಲಿ.

೨೦೦೮ರಲ್ಲಿ ನಾವಿಬ್ಬರೂ ಮೈಸೂರಿನಿಂದ ಈ ಹಿಮದ ದೇಶಕ್ಕೆ ಬಂದಿಳಿದಾಗ ಎಟೋಬಿಕೋಕ್‌ನ ಒಂದು ಹಳೆಯ ಬಂಗಲೆಯ ಬೇಸ್‌ಮೆಂಟು ಬಾಡಿಗೆಗೆ ಸಿಕ್ಕಿತು. ಹರೀಶ ಮಿಸಿಸಾಗದ ಆಫೀಸಿಗೆ ಹೋದರೆ ನನಗೆ ದಿನವಿಡೀ ಕೆಲಸವೆಂದರೆ ಕಿಟಕಿಯಲ್ಲಿ ಜನರ ಕಾಲು ನೋಡುವುದು. ಬೇಸ್‌ಮೆಂಟಿನ ಕಿಟಕಿ ಅಷ್ಟೆತ್ತರದಲ್ಲಿರುತ್ತದೆ. ಬಂದ ಮಾರನೆಯ ದಿನ ಮಧ್ಯಾಹ್ನ, ಪ್ಲೈವುಡ್ ಗೋಡೆಯ ಆಚೆಯಿಂದ ಯಾರೋ ಬಿಕ್ಕಿಬಿಕ್ಕಿ ಅಳುವ ಸದ್ದು ಕೇಳಿಸಿತು. ನಡುನಡುವೆ ಉಸಿರು ಎಳೆದುಕೊಂಡು ಮತ್ತೆ ಜೋರಾಗಿ ಅಳು. ನಾನು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಮನೆಯ ಯಜಮಾನಿಯ ಮುಂದೆ ನಿಂತೆ.

"ಆಂಟಿ, ಕೆಳಗೆ ಯಾರೋ ಅಳ್ತಿದಾರೆ!"

ಅವರು ಮೆಂತ್ಯಸೊಪ್ಪು ಬಿಡಿಸುತ್ತಾ ತಲೆಯನ್ನೂ ಎತ್ತಲಿಲ್ಲ. "ಅಳಾಕತ್ತಿಲ್ಲವಾ, ಪ್ರಾಕ್ಟೀಸ್ ನಡಸ್ಯಾರ," ಎಂದರು. "ಮತ್ತ ಆಂಟಿ ಅನಬ್ಯಾಡ. ಕಾಕು ಅನ್ನು."

ಹಾಗೆ ನನಗೆ ಸರೋಜ ಕಾಕು ಸಿಕ್ಕಿದರು. ಕೆಳಗೆ ಪ್ರಾಕ್ಟೀಸ್ ನಡೆಸಿದ್ದವರು ಅವರ ಗಂಡ, ವಾಸು ಕಾಕಾ. ಗದಗಿನವರು, ಬಾಯ್ಲರ್ ಎಂಜಿನಿಯರ್ ಆಗಿ ರಿಟೈರ್ ಆದವರು. ಗೋಡೆಯಾಚೆಯ ಅರ್ಧ ಬೇಸ್‌ಮೆಂಟು ಅವರ 'ಸ್ಟುಡಿಯೋ'. ಅಳುತ್ತಿದ್ದದ್ದು ಅವರ ಸ್ಟೀಲ್ ಗಿಟಾರು. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಗಳ ಮೇಲೆ ಒಂದು ಉಕ್ಕಿನ ತುಂಡನ್ನು ಜಾರಿಸುತ್ತಾ ನುಡಿಸಬೇಕು. ಬಾಗಿಲಸಂದಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕು ಶಾಸ್ತ್ರೋಕ್ತವಾಗಿ ಸಂಗೀತ ಕಲಿತಿದ್ದರೆ ಹಾಗೆ ಹಾಡುತ್ತಿತ್ತೋ ಏನೋ.

ಕಾಕಾ ನುಡಿಸುತ್ತಿದ್ದದ್ದು ಹಾಂಕಿ ಟಾಂಕ್. ನನಗೆ ಆ ಹೆಸರೇ ಗೊತ್ತಿರಲಿಲ್ಲ, ಕಾರಿನ ಹಾರ್ನಿಗೆ ಸಂಬಂಧಿಸಿದ್ದಿರಬೇಕು ಎಂದುಕೊಂಡಿದ್ದೆ. ಅವರೇ ವಿವರಿಸಿದರು: "ಇದು ಬಾರಿನ್ಯಾಗ ಹಾಡೂ ಹಾಡು ತಂಗಿ. ಹೆಂಡತಿ ಬಿಟ್ಟು ಹೋಗಿರಬೇಕು, ಲಾರಿ ಕೆಟ್ಟಿರಬೇಕು, ನಾಯಿ ಸತ್ತಿರಬೇಕು. ಮೂರರಾಗ ಒಂದರೆ ಆಗಿರಬೇಕು." ಅವರ ಹೆಂಡತಿ ಮೇಲೆ ಮೆಂತ್ಯ ಬಿಡಿಸುತ್ತಿದ್ದರು. ಲಾರಿಯಾಗಲಿ ನಾಯಿಯಾಗಲಿ ಅವರಿಗೆ ಇರಲೇ ಇಲ್ಲ. ಬೀರಿನ ಮಗ್ಗಿನಲ್ಲಿ ಅವರು ಕುಡಿಯುತ್ತಿದ್ದದ್ದು ಶುಂಠಿ ಕಷಾಯ.

ಕಾಕಾ ಈ ದೇಶಕ್ಕೆ ಬಂದ ಹೊಸತರಲ್ಲಿ, ಮದುವೆಗೆ ಮುಂಚೆ, ಉತ್ತರದ ಒಂದು ಗಣಿ ಊರಿನಲ್ಲಿ ಕೆಲಸಕ್ಕಿದ್ದರಂತೆ. ಸಿಕ್ಕ ಕೋಣೆ ಒಂದು ಬಾರಿನ ಮೇಲಿನದು. ಆರು ತಿಂಗಳ ಚಳಿಗಾಲ ನೆಲದ ಹಲಗೆಯಿಂದ ಮೇಲೇರಿ ಬರುತ್ತಿದ್ದ ಆ ಹಾಡುಗಳ ಜೊತೆ ಅನ್ನ-ಮೊಸರು ಉಂಡರು. "ಮ್ಯಾಲ ಹಿಮ, ಕೆಳಗ ಹಾಡು, ನಡುವ ನಾ ಒಬ್ಬನ. ಮತ್ತೇನ ಮಾಡಲಿ? ಕಲತೆ," ಎನ್ನುತ್ತಿದ್ದರು. ಕೇಳಿ ನನಗೆ ಅಯ್ಯೋ ಎನಿಸಿತು. ಕಿಟಕಿಯಲ್ಲಿ ಕಾಲು ನೋಡುತ್ತಾ ಕುಳಿತವಳಿಗೆ ಅದು ಅರ್ಥವಾಗದೆ ಇನ್ನಾರಿಗೆ ಅರ್ಥವಾಗಬೇಕು?

ಒಂದು ವಾರದಲ್ಲಿ ನಾನು ಬ್ಯಾಂಡಿಗೆ ಸೇರಿದೆ. ಬ್ಯಾಂಡೆಂದರೆ ಕಾಕಾ ಮತ್ತು ನಾನು. ನಮ್ಮಮ್ಮ ಸೂಟ್‌ಕೇಸಿನಲ್ಲಿ ಕುಕ್ಕರಿನ ಒಳಗೆ, ಜಾಗ ಹಾಳಾಗಬಾರದೆಂದು, ಒಂದು ಜೊತೆ ಭಜನೆಯ ತಾಳ ಇಟ್ಟಿದ್ದರು. ಕಾಕಾಗೆ ಅದು ಕಂಡದ್ದೇ ತಡ, "ಡ್ರಮ್ಮರ್ ಸಿಕ್ಕಳು!" ಎಂದುಬಿಟ್ಟರು. ಅವರಿಗೆ ತಿಳಿಯದೆ ಹೋದದ್ದು ಒಂದೇ. ನಾನು ತಾಳ ಹಾಕಲು ಕಲಿತದ್ದು ನಮ್ಮ ಬೀದಿಯ ಭಜನಾ ಮಂಡಳಿಯಲ್ಲಿ. ಅಲ್ಲಿ ಹಾಡು ಹೇಗೇ ಶುರುವಾಗಲಿ, ಕೊನೆಗೆ ಓಡಲೇಬೇಕು. ನನ್ನ ಕೈಗೆ ಅದೊಂದೇ ದಾರಿ ಗೊತ್ತು. ಕಾಕಾ ಕಣ್ಣು ಮುಚ್ಚಿ ವಿರಹದಲ್ಲಿ ಮುಳುಗಿದ್ದರೆ ನಾನು ಹಿಂದಿನಿಂದ ಅವರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದೆ. "ತಂಗಿ, ದುಃಖಕ್ಕೂ ಒಂದು ಸ್ಪೀಡ್ ಲಿಮಿಟ್ ಇರ್ತದ," ಎಂದು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಅವರಿಗೊಂದು ವೃತ್ತಿನಾಮ ಇತ್ತು: ಲೋನ್ಸಮ್ ವಾಸು. ಒಂಟಿ ವಾಸು ಎಂದಿಟ್ಟುಕೊಳ್ಳಿ. ಕಾರ್ಡು ಮಾಡಿಸಿದ್ದರು, ಅದರಲ್ಲಿ ಮನೆಯ ಫೋನ್ ನಂಬರು. ಯಾರಾದರೂ ಫೋನ್ ಮಾಡಿ ಲೋನ್ಸಮ್ ವಾಸು ಇದ್ದಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಕಾಕು ಶುದ್ಧ ಗದಗಿನ ಕನ್ನಡದಲ್ಲಿ "ಅದಾರ, ಉಣಾಕ ಕುಂತಾರ," ಎಂದು ಇಟ್ಟುಬಿಡುತ್ತಿದ್ದರು. ಅದರಿಂದ ಎಷ್ಟು ಅವಕಾಶಗಳು ಕೈತಪ್ಪಿದವೋ ದೇವರೇ ಬಲ್ಲ. ಬಹುಶಃ ಎರಡು.

ಕೈತಪ್ಪದ ಅವಕಾಶಗಳನ್ನೂ ಹೇಳಬೇಕು. ಲೇಕ್‌ಶೋರ್ ಹತ್ತಿರದ ಒಂದು ಬೌಲಿಂಗ್ ಆಟದ ಅಂಗಡಿಯಲ್ಲಿ ಮಂಗಳವಾರ ಮಧ್ಯಾಹ್ನ ಹಾಡುತ್ತಿದ್ದೆವು. ಪ್ರತಿ ಸಾಲಿನ ಕೊನೆಗೆ ಚೆಂಡು ಬಡಿದು ಮರದ ಗೂಟಗಳು ದಡಾರನೆ ಉರುಳುತ್ತಿದ್ದವು. ಒಂದು ವೃದ್ಧಾಶ್ರಮದಲ್ಲಿ ಕೇಳುಗರು ಕದಲದೆ ಕುಳಿತಿದ್ದರು, ಆಮೇಲೆ ನೋಡಿದರೆ ನಿದ್ದೆ. ಬ್ರ್ಯಾಂಪ್ಟನ್ನಿನಲ್ಲಿ ಒಬ್ಬ ಸರ್ದಾರ್‌ಜಿ ಹೊಸ ಟ್ರಕ್ ಯಾರ್ಡಿನ ಓಪನಿಂಗಿಗೆ ಕರೆದಿದ್ದರು. ಕಾಕಾ ಎದೆ ಬಿರಿಯುವ ಹಾಗೆ ಹಾಡಿದರು, ನನ್ನ ತಾಳ ಎಂದಿನಂತೆ ಓಡಿತು, ಮೂವತ್ತು ಡ್ರೈವರುಗಳು ಭಾಂಗ್ಡಾ ಕುಣಿದರು. ಕಾಕಾರ ವೃತ್ತಿಜೀವನದ ಶಿಖರ ಅದೇ. ಅವರು ಮಾತ್ರ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು. "ಹೆಂಡತಿ ಬಿಟ್ಟು ಹೋಗ್ಯಾಳ ಅಂದ್ರ ಕುಣೀತಾರಲ್ಲ ತಂಗಿ!"

ಅವರಿಗೆ ಬೇಕಾಗಿದ್ದದ್ದು ಇವೆಲ್ಲ ಅಲ್ಲ. ನಮ್ಮವರು ಕೇಳಬೇಕು, ಅದೂ ಅವರು ಸ್ವತಃ ಕಟ್ಟಿದ ಒಂದು ಕನ್ನಡ ಹಾಂಕಿ ಟಾಂಕನ್ನು, ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಇದೊಂದೇ ಆಸೆ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಅವರಿಗೊಂದು ಅವಕಾಶ ಇರುತ್ತಿತ್ತು. ಮಕ್ಕಳ ಫ್ಯಾನ್ಸಿ ಡ್ರೆಸ್ ಆದ ಮೇಲೆ, ಊಟಕ್ಕೆ ಮುಂಚೆ.

ಊಟಕ್ಕೆ ಮುಂಚೆ ಎಂದರೇನೆಂದು ಪರದೇಶದ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಬಾಡಿಗೆಗೆ ಹಿಡಿದ ಶಾಲೆಯ ಆಡಿಟೋರಿಯಂ. ಪಕ್ಕದ ಕೆಫೆಟೇರಿಯಾದಲ್ಲಿ ಬಿಸಿಬೇಳೆ ಭಾತಿನ ಪಾತ್ರೆಯ ಮುಚ್ಚಳ ತೆಗೆಯುತ್ತಾರೆ, ವಾಸನೆ ಬಾಗಿಲ ಕೆಳಗಿನಿಂದ ತೂರಿ ಬರುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬರು 'ಪಾರ್ಕಿಂಗ್ ನೋಡಿ ಬರ್ತೀನಿ' ಎಂಬ ಮುಖ ಮಾಡಿಕೊಂಡು ಏಳುತ್ತಾರೆ. ಅವರ ಹಿಂದೆ ಒಂದು ಸಂಸಾರ. ಆಮೇಲೆ ಕಟ್ಟೆ ಒಡೆದಂತೆ. ಆ ವೇಳೆಗೆ ಕಾಕಾ ಎರಡನೆಯ ನುಡಿಯಲ್ಲಿರುತ್ತಿದ್ದರು. ಕಾರ್ಯದರ್ಶಿ ರಮೇಶ ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದ. ಹಾಡು ಅಲ್ಲಿಗೆ ನಿಲ್ಲುತ್ತಿತ್ತು.

ಆ ಎರಡು ನುಡಿ ನನಗೆ ಇವತ್ತಿಗೂ ಬಾಯಿಪಾಠ.

ಬಾಗಿಲಾ ತಗದಿಟ್ಟು ಹೋದಾಳೊ ನನ್ನಾಕಿ
ಹಿಮದಾಗ ಬೂಟ ಮೆಟ್ಟಿ,
ಒಲಿಮ್ಯಾಲ ಇಟ್ಟ ನೀರ ಕುದ್ದು ಕುದ್ದು ಬತ್ಯಾವೊ
ನಾ ಕುಂತೆ ಹಣಿಯ ಕುಟ್ಟಿ.

ಡಬ್ಬ್ಯಾಗ ಕಟಕ ರೊಟ್ಟಿ, ಫ್ರಿಜ್ಜಿನ್ಯಾಗ ನಿನ್ನಿನ ಪಲ್ಯ
ನೀಡಾಕ ಇಲ್ಲೊ ಯಾರು,
ಗ್ಯಾರೇಜ ತಗದರ ಕಾರಿಲ್ಲ ನಮ್ಮಪ್ಪಾ
ಹೇಳಿಲ್ಲ ಹೋದ ಊರು.

ಮೂರನೆಯ ನುಡಿ ಏನೆಂದು ನನಗೂ ಗೊತ್ತಿರಲಿಲ್ಲ. ಕೇಳಿದರೆ "ಅದು ಸ್ಟೇಜ್ ಮ್ಯಾಲ ನೇರ. ಪ್ರಾಕ್ಟೀಸಿನ್ಯಾಗ ಹಾಡಿದ್ರ ಹವಾ ಹೋಗ್ತದ," ಎನ್ನುತ್ತಿದ್ದರು. ನಾವು ಆ ಮನೆಗೆ ಬರುವ ಹಿಂದಿನ ಚಳಿಗಾಲದಲ್ಲಿ ಅದನ್ನು ಕಟ್ಟಿ, ಹಾಡುವಾಗ ಹಾಕಿಕೊಳ್ಳುತ್ತಿದ್ದ ಅದೇ ಕೌಬಾಯ್ ಟೋಪಿಯ ಒಳಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆದಿಟ್ಟುಕೊಂಡಿದ್ದರು.

ಈಗ ನೀವೇ ಯೋಚಿಸಿ. ವರ್ಷವರ್ಷವೂ ಒಬ್ಬ ಹಿರಿಯ ಮನುಷ್ಯ ವೇದಿಕೆಯ ಮೇಲೆ ಕುಳಿತು ಹೆಂಡತಿ ಬಿಟ್ಟುಹೋದಳೆಂದು ಗೋಳಾಡುತ್ತಾನೆ, ಆಮೇಲೆ ಏನಾಯಿತೆಂದು ಹೇಳುವುದಿಲ್ಲ. ಜನ ಏನು ತಿಳಿಯಬೇಕು? ಎರಡನೆಯ ವರ್ಷಕ್ಕೆ ಸುದ್ದಿ ಮಿಸಿಸಾಗ ದಾಟಿತು. ಮಾತು ಹರಡುವುದರಲ್ಲಿ ಎತ್ತಿದ ಕೈಯಾದ ವಿಮಲಾ ಆಂಟಿ ಒಂದು ದಿನ ಡಬ್ಬಿಯಲ್ಲಿ ಹುಳಿ ತುಂಬಿಕೊಂಡು ಬಂದರು, "ಪಾಪ, ವಾಸು ಅವರಿಗೆ ಊಟಕ್ಕೆ ಕಷ್ಟ ಅಲ್ವಾ" ಎಂದು. ಬಾಗಿಲು ತೆಗೆದದ್ದು ಕಾಕು. ವಿಮಲಾ ಆಂಟಿ ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ, ಯಾವಾಗ ವಾಪಸ್ ಬಂದ್ರಿ?" ಎಂದರು.

ಕಾಕು ಹುಳಿ ಇಸಿದುಕೊಂಡು ಬಾಗಿಲು ಹಾಕಿದರು.

ರಾಜ್ಯೋತ್ಸವದ ಊಟಕ್ಕೆ ಪ್ರತಿ ವರ್ಷ ಬಡಿಸುವ ಮುಂದಾಳತ್ವ ಅವರದೇ. ಗಂಡ ಆಚೆ ಹಾಡುತ್ತಿದ್ದರೆ ಇವರು ಈಚೆ ಸೌಟು ಹಿಡಿದಿರುತ್ತಿದ್ದರು. ಹಾಡಿನ ಅರ್ಧದಿಂದ ಎದ್ದು ಬಂದವರು ತಟ್ಟೆ ಚಾಚುತ್ತಾ ಇವರ ಮುಖವನ್ನು ಒಂದು ಥರ ನೋಡುತ್ತಿದ್ದರು. ಕೆಲವರು ಮರುಕದಿಂದ, ಕೆಲವರು 'ಇಂಥ ಸಾಧು ಗಂಡನನ್ನು ಬಿಟ್ಟುಹೋಗಿದ್ದಳಲ್ಲ' ಎಂಬ ಸಿಟ್ಟಿನಿಂದ. ಒಬ್ಬಾಕೆಯಂತೂ ಭಾತು ಹಾಕಿಸಿಕೊಂಡು, "ಹೊಂದಿಕೊಂಡು ಹೋಗ್ಬೇಕು ಕಣ್ರೀ" ಎಂದು ಬುದ್ಧಿ ಹೇಳಿ ಹೋದಳು. ಅವತ್ತು ಮನೆಗೆ ಬಂದ ಮೇಲೆ ಕಾಕು ಅಡುಗೆಮನೆಯಲ್ಲಿ ತೊಳೆದ ಸೌಟನ್ನೇ ಮತ್ತೆ ತೊಳೆಯುತ್ತಿದ್ದರು. ನಾನು ಹತ್ತಿರ ಹೋಗಿ ಕೇಳಿದೆ.

"ಕಾಕು, ನಿಮಗೆ ಮೂರನೇ ನುಡಿ ಗೊತ್ತಾ? ಗೊತ್ತಿದ್ರೆ ನೀವೇ ಎಲ್ಲರಿಗೂ ಹೇಳಿಬಿಡಿ."

"ನಾ ಯಾಕ ಹೇಳಲಿ? ಹಾಡಿನ್ಯಾಗ ನನ್ನ ಮನಿ ಬಿಡಿಸಿದಾವ್ರು ಅವರು, ತಿರುಗಿ ಕರಕೊಂಡೂ ಅವರ ಬರಲಿ."

ಕಾಕಾರೂ ಅಷ್ಟೇ ಹಟಮಾರಿ. ಹಾಡಿನ ಕೊನೆಯನ್ನು ಮೊದಲೇ ಬಿಟ್ಟುಕೊಡುವುದೆಂದರೆ ಅವರ ಪಾಲಿಗೆ ಒಬ್ಬಟ್ಟಿನ ಹೂರಣ ಬೇರೆ, ಕಣಕ ಬೇರೆ ಬಡಿಸಿದ ಹಾಗೆ. ಹೀಗೆ ಗಂಡ ಹೆಂಡತಿ ಇಬ್ಬರ ಮಾನವೂ ಯಾರೂ ಕೇಳದ ನಾಲ್ಕು ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿತು.

ಒಂದು ವರ್ಷ ನಾನೇ ಉಪಾಯ ಮಾಡಿದೆ. ನನ್ನ ದೋಷವನ್ನೇ ಗುಣ ಮಾಡಿಕೊಂಡು, ಜನ ಏಳುವ ಮೊದಲು ಮೂರನೆಯ ನುಡಿ ಮುಟ್ಟುವಂತೆ ಮೊದಲಿನಿಂದಲೇ ತಾಳ ಓಡಿಸಿದೆ. ಕಾಕಾ ಏದುಸಿರು ಬಿಡುತ್ತಾ ಹಿಂಬಾಲಿಸಿದರು. ಮೊದಲ ನುಡಿ ಮುಗಿಯುವಷ್ಟರಲ್ಲಿ ಸಭೆಯೂ ಚಪ್ಪಾಳೆ ತಟ್ಟತೊಡಗಿತು. ಆಹಾ, ಹಿಡಿಸಿತು ಎಂದುಕೊಂಡೆ. ಎರಡನೆಯದರ ಕೊನೆಗೆ ಎಲ್ಲರೂ ಎದ್ದು ನಿಂತರು, ಕೈ ಮುಗಿದರು, ಮಂಗಳಾರತಿ ಎಲ್ಲಿ ಎಂದು ಆಚೀಚೆ ನೋಡಿದರು. ತಾಳ ಅಷ್ಟು ಜೋರಾಯಿತೆಂದರೆ ಭಜನೆ ಮುಗಿಯಿತೆಂದೇ ನಮ್ಮವರ ಅರ್ಥ. ಕಣ್ಣಿಗೆ ಒತ್ತಿಕೊಂಡು ಸಾಲಾಗಿ ಊಟಕ್ಕೆ ಹೋದರು. ಆಮೇಲೆ ಕಾಕಾ ನನ್ನೊಡನೆ ನಾಲ್ಕು ದಿನ ಮಾತಾಡಲಿಲ್ಲ.

ಕೊನೆಗೆ ಕೈ ಹಿಡಿದದ್ದು ಹಿಮ. ೨೦೧೪ರ ರಾಜ್ಯೋತ್ಸವದ ದಿನ ಹೇಳದೆ ಕೇಳದೆ ಸುರಿಯಿತು. ಬ್ರ್ಯಾಂಪ್ಟನ್ನಿನಿಂದ ಊಟ ತರುತ್ತಿದ್ದ ಕೇಟರರ್ ವ್ಯಾನು ನಾನೂರ ಒಂದನೇ ಹೆದ್ದಾರಿಯಲ್ಲಿ ನಿಂತುಬಿಟ್ಟಿತು. ಫ್ಯಾನ್ಸಿ ಡ್ರೆಸ್ ಮುಗಿದು ಮಕ್ಕಳು ಕಿರೀಟ ಕಿತ್ತೆಸೆಯುತ್ತಿದ್ದವು. ಕೆಫೆಟೇರಿಯಾದಲ್ಲಿ ಒಂದು ಬಕೆಟ್ ಮಜ್ಜಿಗೆ, ಕಾಕು ಮನೆಯಲ್ಲೇ ಮಾಡಿ ತಂದಿದ್ದ ಒಂದು ಪಾತ್ರೆ ಅರಿಶಿನದ ಒಗ್ಗರಣೆ ಗೊಜ್ಜು, ಅಷ್ಟು ಬಿಟ್ಟರೆ ಏನೂ ಇಲ್ಲ. ರಮೇಶ ವೇದಿಕೆಯ ಪಕ್ಕಕ್ಕೆ ಓಡೋಡಿ ಬಂದ.

"ವಾಸು ಅಂಕಲ್, ಪ್ಲೀಸ್, ಎಷ್ಟು ಬೇಕಾದ್ರೂ ಹಾಡಿ. ಇವತ್ತು ಟೈಮ್ ಲಿಮಿಟ್ ಇಲ್ಲ!"

ಕಾಕಾ ಟೋಪಿ ಸರಿಮಾಡಿಕೊಂಡರು. ನಾನು ಸ್ಪೀಡ್ ಲಿಮಿಟ್ ನೆನಪಿಸಿಕೊಂಡು ತಾಳ ಎತ್ತಿಕೊಂಡೆ.

ಮೊದಲ ನುಡಿ ಆಯಿತು. ಯಾರೂ ಏಳಲಿಲ್ಲ. ಎದ್ದು ಹೋಗುವುದಾದರೂ ಎಲ್ಲಿಗೆ? ಎರಡನೆಯದೂ ಆಯಿತು. ಮುಂದಿನ ಸಾಲಿನಲ್ಲಿ ವಿಮಲಾ ಆಂಟಿ ಕರ್ಚೀಫು ತೆಗೆದರು. ಕಾಕಾ ಗಿಟಾರನ್ನು ಒಂದು ಸುತ್ತು ಅಳಿಸಿದರು. ಇನ್ನೊಂದು ಸುತ್ತು. ಮೂರನೆಯ ಸುತ್ತಿಗೆ ನನಗೆ ಅನುಮಾನ ಬಂತು. ಅವರು ನನ್ನತ್ತ ವಾಲಿ, ತುಟಿ ಅಲ್ಲಾಡಿಸದೆ ಕೇಳಿದರು.

"ತಂಗಿ, ಮೂರನೇದು ಹ್ಯಾಂಗ ಶುರುವಾಗ್ತದ?"

"ನಂಗೇನು ಗೊತ್ತು ಕಾಕಾ! ನೀವು ಹೇಳೇ ಇಲ್ವಲ್ಲ!"

ಅವರು ಸರಕ್ಕನೆ ಟೋಪಿ ತೆಗೆದು ಒಳಗೆ ನೋಡಿದರು. ನಾನೂ ಇಣುಕಿದೆ. ಅಷ್ಟು ವರ್ಷದ ಬೆವರು ಕುಡಿದು ಶಾಯಿಯೆಲ್ಲ ಹರಡಿಹೋಗಿತ್ತು, ಒಂದು ಮೂಲೆಯಲ್ಲಿ 'ಹಾಲ' ಎಂಬ ಎರಡಕ್ಷರ ಮಾತ್ರ ಉಳಿದಿತ್ತು. ಕಾಕಾ ಅದನ್ನೇ ನೋಡುತ್ತಾ ಕುಳಿತರು. ಬೋಳುತಲೆ ಲೈಟಿಗೆ ಹೊಳೆಯುತ್ತಿತ್ತು. ಇಷ್ಟು ವರ್ಷ ಕಾದು, ಕೇಳುವವರೆಲ್ಲ ಬಾಯಿ ತೆರೆದು ಕುಳಿತಿರುವಾಗ, ಹಾಡುವವರಿಗೇ ಹಾಡು ಮರೆತುಹೋಗಿತ್ತು. ನನಗೆ ಅಳು ಬಂತು, ನಗುವೂ ಬಂತು, ಎರಡಕ್ಕೂ ಅದು ಜಾಗವಲ್ಲವೆಂದು ತುಟಿ ಕಚ್ಚಿಕೊಂಡೆ.

ಆಗ ಆಡಿಟೋರಿಯಂನ ಹಿಂಬಾಗಿಲಿನಿಂದ ಒಂದು ದನಿ ಬಂತು. "ಸರೀರಿ, ದಾರಿ ಬಿಡ್ರಿ."

ಸರೋಜ ಕಾಕು. ಏಪ್ರನ್ ಕಟ್ಟಿದ್ದರು, ಕೈಯಲ್ಲಿ ಗೊಜ್ಜಿನ ಸೌಟು ಹಾಗೇ ಇತ್ತು. ಸಾಲುಗಳ ನಡುವೆ ನೆಟ್ಟಗೆ ನಡೆದುಬಂದು, ವೇದಿಕೆಯ ಮುಂದೆ ಸಭೆಗೆ ಮುಖಮಾಡಿ ನಿಂತರು. "ಆರು ವರ್ಷದಿಂದ ನೀವೆಲ್ಲಾ ನನ್ನ ಮನಿ ಬಿಡಿಸೀರಿ. ಇವತ್ತ ನಾನ ವಾಪಸ್ ಬರ್ತೀನಿ, ಕೇಳ್ರಿ." ಆಮೇಲೆ ಸೌಟನ್ನೇ ಮೈಕಿನಂತೆ ಹಿಡಿದು, ರಾಗ ತಾಳ ಯಾವುದರ ಹಂಗೂ ಇಲ್ಲದೆ, ಸಾಮಾನಿನ ಪಟ್ಟಿ ಓದಿದ ಹಾಗೆ ಹೇಳಿದರು.

ತಾಸೊತ್ತು ಆತೇನೊ, ಕಾರ ಬಂದು ನಿಂತೈತಿ
ಒಳಗ ಬಂದಾಳೊ ನನ್ನಾಕಿ,
ಹಾಲಿಲ್ದ ಚಾ ಹ್ಯಾಂಗ ಮಾಡ್ತಾರೊ ಮಳ್ಳಾ
ಅಂದಾಳ ಹಾಲಿನ ಚೀಲ ಹಾಕಿ.

ಆಮೇಲೆ ಯಾರೋ ಹಿಂದಿನಿಂದ "ಹಾಲು ತರೋಕಾ!" ಎಂದರು. ಅಷ್ಟೇ, ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈ ಊರಿನಲ್ಲಿ ಹಾಲು ಚೀಲದಲ್ಲೇ ಬರುವುದು, ಮುಗಿಯುವುದೂ ಸದಾ ಹಿಮ ಬೀಳುವ ದಿನವೇ, ಆದ್ದರಿಂದ ಅಲ್ಲಿದ್ದ ಪ್ರತಿಯೊಬ್ಬರೂ ಒಮ್ಮೆಯಾದರೂ ಹಾಗೆ ಬೂಟು ಮೆಟ್ಟಿ ಹೋದವರೇ. ವಿಮಲಾ ಆಂಟಿ ಅದೇ ಕರ್ಚೀಫಿನಲ್ಲಿ ನಗುವ ಕಣ್ಣೊರೆಸಿಕೊಂಡರು. ಕಾಕಾ ಮಾತ್ರ ನಗಲಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. "ನಿನಗ ಹ್ಯಾಂಗ ಗೊತ್ತು?" ಎಂದರು ಮೈಕು ಆನ್ ಇರುವುದನ್ನೂ ಮರೆತು.

"ನಿಮ್ಮ ಸ್ಟುಡಿಯೋದಿಂದ ಹೀಟರಿನ ಗಾಳಿಕಿಂಡಿ ಅಡಗಿಮನಿಗೇ ಬಂದದಲ್ಲಾ. ಕಟ್ಟೂ ಮುಂದ ನೂರು ಸಲ ಕೇಳೀನಿ." ಕಾಕು ವೇದಿಕೆ ಹತ್ತಿ, ಗೊಜ್ಜಾದ ಕೈಯಿಂದಲೇ ಅವರ ಕೈಯ ಟೋಪಿ ತೆಗೆದುಕೊಂಡು ಅವರ ಬೋಳುತಲೆಗೆ ಇಟ್ಟರು. ಅರಿಶಿನದ ಹೆಬ್ಬೆಟ್ಟು ಅಂಚಿನಲ್ಲಿ ಮೂಡಿತು. ಅಷ್ಟರಲ್ಲಿ ಊಟ ಬಂತೆಂದು ರಮೇಶ ಕೂಗಿದ. ನಂಬಿದರೆ ನಂಬಿ, ಒಂದು ಪೂರ್ತಿ ನಿಮಿಷ ಯಾರೂ ಏಳಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಎದ್ದರು, ಹಸಿವು ಹಸಿವೇ ತಾನೆ.

ಮಾರನೆಯ ದಿನ ಬೆಳಿಗ್ಗೆ ವಿಮಲಾ ಆಂಟಿಯ ಫೋನು. "ಹಾಡು ಚೆನ್ನಾಗಿತ್ತಮ್ಮ. ಆದ್ರೂ ಒಂದು ಮಾತು. ಹಾಲಿನ ಅಂಗಡಿ ಅವರ ಮನೆಯಿಂದ ಐದು ನಿಮಿಷ. ಒಂದು ಗಂಟೆ ಎಲ್ಲಿದ್ರಂತೆ?"

ನಾನು ಬೈದು ಫೋನಿಟ್ಟೆ. ಆದರೆ ಹುಳ ಒಳಗೆ ಹೊಕ್ಕಿತು. ಮುಂದಿನ ಬೇಸಿಗೆಯಲ್ಲಿ ನಾವು ಬ್ರ್ಯಾಂಪ್ಟನ್ನಿನಲ್ಲಿ ನೆಲದ ಮೇಲಿನ ಮನೆ ಮಾಡಿಕೊಂಡು ಹೊರಟೆವು. ಸಾಮಾನು ಕಟ್ಟುವ ದಿನ ಕಾಕು ನನ್ನನ್ನು ಮೇಲೆ ಅಡುಗೆಮನೆಗೆ ಕರೆದು ಟೋಪಿ ಕೈಗೆ ಕೊಟ್ಟರು. "ಒಯ್ಯಿ ಇದನ್ನ. ಇಲ್ಲೇ ಇದ್ರ ಮತ್ತ ಶುರು ಮಾಡ್ತಾರ." ಕಾಕಾ ಆಗಲೇ ಇನ್ನೊಂದು ಟೋಪಿ ಕೊಂಡಾಗಿತ್ತು, ಅದು ಕಾಕುಗೆ ಗೊತ್ತಿರಲಿಲ್ಲ, ನಾನು ಹೇಳಲಿಲ್ಲ. ಧೈರ್ಯ ಮಾಡಿ ಕೇಳಿಯೇ ಬಿಟ್ಟೆ.

"ಕಾಕು, ಹಾಡಿನಲ್ಲಿರೋ ಹಾಗೆ ಆವತ್ತು ಹಾಲು ತರೋಕೆ ಹೋದಾಗ, ಒಂದು ಗಂಟೆ ಎಲ್ಲಿದ್ರಿ?"

ಅವರು ಹಾಲಿನ ಚೀಲವನ್ನು ಜಗ್ಗಿನಲ್ಲಿ ಕೂರಿಸಿ, ಕತ್ತರಿಯಿಂದ ಅದರ ಮೂಲೆ ಕತ್ತರಿಸಿದರು. ಕೆಳಗೆ ಸ್ಟುಡಿಯೋದಲ್ಲಿ ಗಿಟಾರು ಅಳುತ್ತಿತ್ತು, ಕಿಂಡಿಯಿಂದ ಅದು ಅಡುಗೆಮನೆಯ ತುಂಬ ತುಂಬಿಕೊಂಡಿತ್ತು.

"ಅಂಗಡಿ ಮುಂದ, ಕಾರಿನ್ಯಾಗ ಕುಂತಿದ್ದೆ," ಎಂದರು. "ಇದನ್ನ ಕೇಳಿ ಕೇಳಿ ತಲಿ ಕೆಟ್ಟಿತ್ತವಾ. ತಿರುಗಿ ಮನಿಗೇ ಹೋಗಬಾರದು ಅನಿಸಿತ್ತು, ಖರೇನ ಹೇಳ್ತೀನಿ. ಕಾರಿನ ಖಿಡಕಿ ಏರಿಸಿ ಕುಂತೆ. ಎಷ್ಟು ಶಾಂತ! ಒಂದ ತಾಸು ಶಾಂತ." ಚಹಾಕ್ಕೆ ಹಾಲು ಸುರಿದು, ಸೌಟಿನಿಂದ ತಿರುವಿದರು. "ಆಮ್ಯಾಲ ಅನಿಸ್ತು, ಅಯ್ಯ, ಇಷ್ಟು ಶಾಂತನೂ ಬ್ಯಾಡ."

ಮೂರು ಕಪ್ಪು ಬಸಿದರು. ಒಂದನ್ನು ನನ್ನ ಕೈಗೆ ಕೊಟ್ಟು, ಕಿಂಡಿಗೆ ಬಾಯಿಟ್ಟು ಕೂಗಿದರು. "ಲೋನ್ಸಮ್ಮಾ, ಚಾ ಆರತದ, ಬಾ ಮ್ಯಾಲ!"